ಬೇಡ ಅನ್ನುವವರು ಸುಮ್ಮನಾದ ಎರಡು ವರ್ಷ

(ಗದಗಿನ ಕಾಲೇಜೊಂದರಲ್ಲಿ ಬಿ.ಕಾಂ., ಬಿ.ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊರೊನಾ ಕಾಲದಲ್ಲಿ ಕಾಲೇಜು ಹುಡುಗ-ಹುಡುಗಿಯರಿಗೆ ಸ್ವಂತ ಉದ್ಯೋಗದ ಮೇಲೆ ಆಸಕ್ತಿ ಹೇಗೆ ಬಂತು ಅನ್ನುವುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಆದರೆ ಆ ಎರಡು ವರ್ಷದಲ್ಲಿ ಆಸಕ್ತಿ ಹೊಸದಾಗಿ ಹುಟ್ಟಿತು ಅಂತ ನನಗೆ ಅನ್ನಿಸುವುದಿಲ್ಲ. ಅದು ಮೊದಲೂ ಇತ್ತು. ಹುಬ್ಬಳ್ಳಿಯಲ್ಲಿ ವಾಣಿಜ್ಯ ಪಾಠ ಮಾಡುವವಳು ನಾನು. ದುರ್ಗದಬೈಲಿನಲ್ಲಿ ಅಪ್ಪನ ಅಂಗಡಿಯ ಗಲ್ಲೆ ಮೇಲೆ ಕೂತು ಕ್ಲಾಸಿಗೆ ಬರುವ ಹುಡುಗನಿಗೆ ಲಾಭ-ಲುಕ್ಸಾನು ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿಯ ಅಡತಿ ಅಂಗಡಿಯವರ ಮಗಳಿಗೆ ಉದ್ರಿ ಅಂದರೆ ಏನು, ವಸೂಲಿ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತು. ಆಸಕ್ತಿ ಇತ್ತು, ಅದರ ಜೊತೆಗೇ ಮನೆಯಲ್ಲಿ ಒಂದು "ಬೇಡ" ಕೂಡ ಇತ್ತು. ಕೊರೊನಾ ಬಂದಾಗ ಆ ಬೇಡ ಅನ್ನುವ ಬಾಯಿಗಳು ಸ್ವಲ್ಪ ದಿನ ಸುಮ್ಮನಾದವು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2020ರ ಮಾರ್ಚ್ 14ರಿಂದ ನಮ್ಮ ರಾಜ್ಯದಲ್ಲಿ ಕಾಲೇಜು, ಮಾಲು, ಥಿಯೇಟರು ಒಂದು ವಾರ ಬಂದ್ ಅಂದರು. ಒಂದು ವಾರ! ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಧಾರವಾಡದ ಸಪ್ತಾಪುರ ನಿಮಗೆ ಗೊತ್ತಲ್ವಾ? ಬೆಳಗ್ಗೆ ಆರಕ್ಕೆ ಎದ್ದರೆ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಪುಸ್ತಕ ಹಿಡಿದ ಹುಡುಗರಿಂದ ರಸ್ತೆ ತುಂಬಿರುತ್ತದೆ. ಆ ಓಣಿಗಳೆಲ್ಲ ಖಾಲಿಯಾದವು. ಖಾನಾವಳಿ ಮುಚ್ಚಿದವು, ಹಾಸ್ಟೆಲ್ಲಿನವರು ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದರು. ಹಾನಗಲ್ಲಿನವ ಹಾನಗಲ್ಲಿಗೆ, ರೋಣದವ ರೋಣಕ್ಕೆ.

ಊರಲ್ಲಿ ಅವರಿಗೆ ಕಂಡದ್ದೇನು? ಹೊಲದಲ್ಲಿ ಮಾಲು ಇದೆ, ಕೊಳ್ಳುವವರಿಲ್ಲ. ಮಾರ್ಚ್, ಏಪ್ರಿಲ್ ಅಂದರೆ ಒಣ ಮೆಣಸಿನಕಾಯಿ ಪೇಟೆ ಜೋರಾಗಿರುವ ಹೊತ್ತು, ಕಲ್ಲಂಗಡಿ ಬರುವ ಹೊತ್ತು. ಸಂತೆ ಇಲ್ಲ, ಬಸ್ಸಿಲ್ಲ, ಹೋಟೆಲ್ ಇಲ್ಲ. ಆ ಕಡೆ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಕೇಶ್ವಾಪುರದಲ್ಲೋ ಮನೆಯೊಳಗೆ ಕೂತ ಜನಕ್ಕೆ ತರಕಾರಿ ಸಿಗುತ್ತಿಲ್ಲ. ನಡುವೆ ಒಬ್ಬ ಬೇಕಾಗಿತ್ತು. ಒಂದು ಟಾಟಾ ಏಸ್, ಒಂದು ಪಾಸು, ಒಂದು ವಾಟ್ಸಾಪ್ ಗುಂಪು ಇದ್ದರೆ ಸಾಕು. ಬಹಳ ಹುಡುಗರು ಆ ನಡುವಿನ ಕೆಲಸಕ್ಕೆ ಇಳಿದರು. ಅವರಲ್ಲಿ ಯಾರೂ ತಮ್ಮನ್ನು ತಾವು ಉದ್ಯಮಿ ಅಂತ ಕರೆದುಕೊಳ್ಳಲಿಲ್ಲ. "ಸುಮ್ನೆ ಕೂತಿದ್ದೆ ಮೇಡಂ, ಅದಕ್ಕೆ" ಅಂತಿದ್ದರು.

ಸುಮ್ಮನೆ ಕೂತಿರುವುದು ಸಣ್ಣ ವಿಷಯವಲ್ಲ. ಮೂರನೇ ವರ್ಷದ ಬಿ.ಕಾಂ. ಹುಡುಗನ ದಿನ ಹೇಗಿರುತ್ತದೆ? ಹಳ್ಳಿಯಿಂದ ಬಸ್ಸು ಹಿಡಿದು ಬರಬೇಕು, ಕ್ಲಾಸು, ಹಾಜರಿ ಶೇ. 75 ಇರಬೇಕು, ಸಂಜೆ ಟ್ಯೂಷನ್, ರಾತ್ರಿ ಊಟಕ್ಕೆ ಮನೆ. ಇದರಲ್ಲಿ ವ್ಯಾಪಾರಕ್ಕೆ ಹೊತ್ತು ಎಲ್ಲಿದೆ? ಎಂಟು ತಿಂಗಳು ಹೊತ್ತು ಸಿಕ್ಕಾಗ ಬಹಳ ಮಂದಿ ಏನಾದರೂ ಮಾಡಿ ನೋಡಿದರು. ಆನ್‌ಲೈನ್ ಕ್ಲಾಸ್ ಇತ್ತು ಅನ್ನಬಹುದು. ಹೌದು, ಇತ್ತು. ಮೊಬೈಲ್ ಜೇಬಲ್ಲಿಟ್ಟುಕೊಂಡು ಟೊಮೆಟೊ ತೂಗುತ್ತಾ ನನ್ನ ಕಾಸ್ಟ್ ಅಕೌಂಟಿಂಗ್ ಕೇಳಿದವರೂ ಇದ್ದಾರೆ. ಅವರಿಗೆ ಆ ಪಾಠ ಬೇರೆಯವರಿಗಿಂತ ಚೆನ್ನಾಗಿ ತಲೆಗೆ ಹೋಯಿತು ಅಂತ ನನ್ನ ಅನುಮಾನ.

ಇನ್ನು ಮನೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಪಾಲಕರು ಬೇಜಾರು ಮಾಡಿಕೊಳ್ಳಬಾರದು.

ಒಬ್ಬ ಮನುಷ್ಯ ಹೊಸ ವ್ಯಾಪಾರಕ್ಕೆ ಯಾಕೆ ಕೈ ಹಾಕುತ್ತಾನೆ ಅನ್ನುವುದನ್ನು ಓದಿದವರು ಇಬ್ಬರ ಹೆಸರು ತಪ್ಪದೆ ಹೇಳುತ್ತಾರೆ. ಒಬ್ಬರು ಆಲ್ಬರ್ಟ್ ಶಪೀರೊ. ಜೀವನ ಒಂದೇ ದಾರಿಯಲ್ಲಿ ನಡೆಯುತ್ತಿರುವಾಗ ಯಾರೂ ದಾರಿ ಬದಲಿಸುವುದಿಲ್ಲ, ಕೆಲಸ ಹೋದಾಗಲೋ ಊರು ಬಿಟ್ಟಾಗಲೋ ಒಂದು ಏಟು ಬಿದ್ದಾಗಲೇ ಜನ ಬೇರೆ ದಾರಿ ನೋಡುತ್ತಾರೆ ಅಂತ ಅವರ ವಾದ. ಇನ್ನೊಬ್ಬರು ಐಸೆಕ್ ಐಜೆನ್, ಮನಶ್ಶಾಸ್ತ್ರದವರು. 1991ರಲ್ಲಿ ಬಂದ ಅವರ ಬರಹವನ್ನು ವಿದ್ಯಾರ್ಥಿಗಳ ಉದ್ಯಮಾಸಕ್ತಿ ಅಳೆಯುವವರು ಇವತ್ತಿಗೂ ಬಳಸುತ್ತಾರೆ. ಒಂದು ಕೆಲಸ ಮಾಡಬೇಕು ಅಂತ ಮನಸ್ಸು ಗಟ್ಟಿಯಾಗಬೇಕಾದರೆ ಅದು ಒಳ್ಳೆಯದು ಅಂತ ನಮಗನ್ನಿಸಬೇಕು, ನಮ್ಮ ಕೈಲಾಗುತ್ತದೆ ಅಂತ ನಂಬಿಕೆ ಬೇಕು, ಜೊತೆಗೆ ನಮಗೆ ಬೇಕಾದವರು ಅದಕ್ಕೆ ಏನಂತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಅವರು ಹೇಳಿದರು.

ನಮ್ಮ ಕಡೆ ಈ ಕೊನೆಯದೇ ದೊಡ್ಡದು. ಅವ್ವ ಏನಂತಾಳೆ, ಮಾಮಾ ಏನಂತಾನೆ, ಪಕ್ಕದ ಮನೆಯ ಕಾಕಾ ಏನಂತಾನೆ. "ಓದಿಸಿದ್ದು ಟೊಮೆಟೊ ಮಾರಾಕ ಏನು?" ಅಂತ ಒಂದು ಮಾತು ಬಂದರೆ ಮುಗಿಯಿತು. ಸ್ವಂತ ಅಂಗಡಿ ಇರುವ ಮನೆಯಲ್ಲೂ ಇದೇ ಮಾತು. ಅಪ್ಪ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿರುತ್ತಾನೆ, ಮಗ ಮಾತ್ರ ನೌಕರಿಗೇ ಹೋಗಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಅಪ್ಪನಿಗೆ ಆ ಕೆಲಸದ ಕಷ್ಟ ಗೊತ್ತು, ಅದಕ್ಕೇ ಬೇಡ ಅಂತಾನೆ.

2020ರಲ್ಲಿ ಈ ಮಾತಿಗೆ ಬಲ ಉಳಿಯಲಿಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಿದ್ದ ಅಣ್ಣನೇ ಸಂಬಳ ಅರ್ಧವಾಗಿ ಮನೆಯಲ್ಲಿ ಕೂತಿದ್ದಾನೆ. ಸಿಎಂಐಇ ಸಂಸ್ಥೆಯ ಲೆಕ್ಕದಲ್ಲಿ ಆ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗ ಶೇ. 23 ದಾಟಿತ್ತು. ನೇಮಕಾತಿ ಪರೀಕ್ಷೆಗಳು ಮುಂದಕ್ಕೆ ಹೋದವು. ನೌಕರಿಯೇ ಗಟ್ಟಿಯಿಲ್ಲ ಅಂತಾದಾಗ "ಧಂಧೆ ಬೇಡ, ನೌಕರಿ ಹುಡುಕು" ಅಂತ ಯಾವ ಬಾಯಿಂದ ಹೇಳುವುದು? ಮನೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನುವುದನ್ನು ನಿಲ್ಲಿಸಿದರು. ಹೊರದೇಶದಲ್ಲೂ ಏಟು ಬಿದ್ದ ಮೇಲೆ ಜನ ಬೇರೆ ದಾರಿ ನೋಡಿದರು. ಅಮೆರಿಕದಲ್ಲಿ ಹೊಸ ವ್ಯಾಪಾರಕ್ಕೆ ಬಂದ ಅರ್ಜಿಗಳು 2019ರಲ್ಲಿ ಸುಮಾರು 35 ಲಕ್ಷ ಇದ್ದದ್ದು 2020ರಲ್ಲಿ ಸುಮಾರು 44 ಲಕ್ಷಕ್ಕೆ ಏರಿದವು.

ಇನ್ನೂ ಒಂದು ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ವರ್ಷ ಸೋತರೂ ಅವಮಾನ ಇರಲಿಲ್ಲ. "ಕೊರೊನಾದಾಗ ನಿಂತು ಹೋತು" ಅಂದರೆ ಕೇಳಿದವರು ತಲೆಯಾಡಿಸುತ್ತಿದ್ದರು. ಬೇರೆ ವರ್ಷ ಅದೇ ಅಂಗಡಿ ಮುಚ್ಚಿದ್ದರೆ, ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಅದೇ ಸುದ್ದಿ.

ಸರಿ, ಹುಡುಗರು ಏನು ಮಾಡಿದರು, ಅದರಲ್ಲಿ ಏನು ಉಳಿಯಿತು ನೋಡೋಣ.

ಮೊದಲು ಎಲ್ಲರೂ ಓಡಿದ್ದು ಮಾಸ್ಕ್, ಸ್ಯಾನಿಟೈಸರ್ ಕಡೆಗೆ. ಕೊರತೆ ಕಣ್ಣಿಗೆ ಕಾಣುತ್ತಿತ್ತಲ್ಲ. ಕೇಂದ್ರ ಸರಕಾರ ಮಾರ್ಚ್ 13ಕ್ಕೆ ಎರಡನ್ನೂ ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ತಂದಿತು. ಸುಮಾರು ಒಂದು ವಾರದಲ್ಲಿ ಬೆಲೆಗೂ ಮಿತಿ ಬಂತು. ಮೂರು ಪದರಿನ ಸರ್ಜಿಕಲ್ ಮಾಸ್ಕಿಗೆ 10 ರೂಪಾಯಿ, 200 ಎಂಎಲ್ ಸ್ಯಾನಿಟೈಸರಿಗೆ 100 ರೂಪಾಯಿ, ಅದರ ಮೇಲೆ ಮಾರಬಾರದು. ಬಟ್ಟೆ ಮಾಸ್ಕಿಗೆ ಈ ಮಿತಿ ಇರಲಿಲ್ಲ. ಮನೆಯಲ್ಲೇ ಹೊಲಿದ ಮಾಸ್ಕ್ ಹಾಕಿಕೊಳ್ಳಿ ಅಂತ ಏಪ್ರಿಲ್ ಮೊದಲ ವಾರ ಸರಕಾರವೇ ಹೇಳಿತು. ಬೆಟಗೇರಿಯಲ್ಲಿ ಮಗ್ಗ ಇದೆ, ಓಣಿಗೊಂದು ಹೊಲಿಗೆ ಯಂತ್ರ ಇದೆ, ತುಂಡು ಬಟ್ಟೆಗೆ ಕೊರತೆ ಇಲ್ಲ. ಒಳ್ಳೆಯ ಅವಕಾಶ ಅಂತ ಅನ್ನಿಸಿತು, ಅನ್ನಿಸಬೇಕಾದದ್ದೇ. ಆದರೆ ನಿಮಗೆ ಸುಲಭ ಆದದ್ದು ಪಕ್ಕದವನಿಗೂ ಸುಲಭ. ಎರಡು ತಿಂಗಳಲ್ಲಿ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಫುಟ್‌ಪಾತ್ ತುಂಬಾ ಮಾಸ್ಕ್. ಮೊದಲು ಹೇಳಿದ ಬೆಲೆ ಕೊಟ್ಟವರು ಆಮೇಲೆ ಚೌಕಾಸಿಗೆ ನಿಂತರು.

ಸ್ಯಾನಿಟೈಸರ್ ಕಥೆ ಇನ್ನೂ ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಬಹಿರಂಗವಾಗಿಯೇ ಇದೆ. ಶೇ. 80 ಎಥನಾಲ್, ಸ್ವಲ್ಪ ಗ್ಲಿಸರಿನ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ನೀರು. ರಸಾಯನಶಾಸ್ತ್ರದ ಹುಡುಗರಿಗೆ ಇದು ಅರ್ಧ ಗಂಟೆಯ ಕೆಲಸ. ಲ್ಯಾಬಿನಲ್ಲಿ ಮಾಡಿ ಪೊಲೀಸರಿಗೆ, ಆಶಾ ಕಾರ್ಯಕರ್ತೆಯರಿಗೆ ಹಂಚಿದ ಕಾಲೇಜುಗಳಿಗೆ ನನ್ನ ಸಲಾಂ. ಆದರೆ ಅದನ್ನು ಮಾರಬೇಕು ಅಂದ ಕೂಡಲೇ ಔಷಧ ಕಾಯ್ದೆ ಬರುತ್ತದೆ, ತಯಾರಿಕೆಗೆ ಲೈಸೆನ್ಸ್ ಬೇಕು. ಜುಲೈ ಕೊನೆಗೆ ಸರಕಾರ ಸಡಿಲ ಮಾಡಿದ್ದು ಮಾರಾಟದ ಲೈಸೆನ್ಸನ್ನು, ತಯಾರಿಕೆಯದ್ದಲ್ಲ. ಮೇಲೆ ಆಗ ಶೇ. 18 ಜಿಎಸ್‌ಟಿ. ಇಷ್ಟು ತಿಳಿದುಕೊಳ್ಳುವ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳೇ ಬಾಟಲಿ ತುಂಬತೊಡಗಿದ್ದವು. ಸಕ್ಕರೆ ಕಾರ್ಖಾನೆಯ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡುವ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ.

ಆಮೇಲೆ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು! ಇಂಜಿನಿಯರಿಂಗ್ ಹುಡುಗರು ಇರುವ ಊರಲ್ಲೆಲ್ಲ ಇದೊಂದು ಆಯಿತು. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡಿಂಗ್ ಮಾಡುವವರಿಗೆ ನಕ್ಷೆ ತೋರಿಸಿದರೆ ಸಂಜೆಗೆ ಸ್ಟ್ಯಾಂಡ್ ರೆಡಿ. ಬ್ಯಾಂಕು, ಆಸ್ಪತ್ರೆ, ಗುಡಿ, ಎಲ್ಲರೂ ಕೊಂಡರು. ಒಂದೊಂದು ಕೊಂಡರು. ಅಲ್ಲೇ ಇರುವುದು ಸಮಸ್ಯೆ. ಒಂದು ಗುಡಿಗೆ ಎರಡನೇ ಸ್ಟ್ಯಾಂಡ್ ಯಾಕೆ ಬೇಕು? ಹಾಳಾಗುವ ಭಾಗ ಒಂದು ಸ್ಪ್ರಿಂಗು. ತಾವು ಮಾರಿದ್ದೇ ತಮಗೆ ಅಡ್ಡ ಬಂತು. ಹುಡುಗರು ಜಾಣರು, ಕೆಲಸವೂ ಅಚ್ಚುಕಟ್ಟು, ಆದರೂ ಮರುವರ್ಷ ಆ ಸ್ಟ್ಯಾಂಡುಗಳು ಬಾಗಿಲ ಮೂಲೆ ಸೇರಿದವು.

ಇದರ ಪಕ್ಕದಲ್ಲಿ ರೊಟ್ಟಿ ಇಟ್ಟು ನೋಡಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಹಿಂಡಿ. ಇದು ಕೊರೊನಾ ಮೊದಲೂ ಇತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟೋ ತಾಯಂದಿರು ರೊಟ್ಟಿ ಬಡಿದೇ ಮಕ್ಕಳನ್ನು ಓದಿಸಿದ್ದಾರೆ. ಅವರು ಖಾನಾವಳಿಗೆ, ಹಾಸ್ಟೆಲ್ಲಿಗೆ ಕೊಡುತ್ತಿದ್ದರು. ಖಾನಾವಳಿ ಮುಚ್ಚಿದಾಗ ಅವರ ಆದಾಯ ಒಂದೇ ದಿನಕ್ಕೆ ನಿಂತಿತು. ಆಗ ಮಗಳು ಮೊಬೈಲ್ ಹಿಡಿದಳು. ನೂರು ರೊಟ್ಟಿಯ ಪೊಟ್ಟಣ ಕಟ್ಟಿ, ಫೋಟೊ ಹಾಕಿ, ಬೆಂಗಳೂರಿನಲ್ಲೂ ಪುಣೆಯಲ್ಲೂ ಇರುವ ನಮ್ಮ ಕಡೆಯ ಜನಕ್ಕೆ ವಾಟ್ಸಾಪ್ ಮಾಡಿದಳು. ಅವರು ಕೊಂಡರು, ತಿಂದರು, ಮುಂದಿನ ತಿಂಗಳು ಮತ್ತೆ ಕೇಳಿದರು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಪಾರ್ಸೆಲ್ಲಿನಲ್ಲಿ ಹೋಗುತ್ತದೆ. ರೋಗ ಹೋದರೂ ರೊಟ್ಟಿ ತಿನ್ನುವವರು ಎಲ್ಲಿಗೂ ಹೋಗುವುದಿಲ್ಲ.

ಕಾಗದಪತ್ರದ ಕೆಲಸವೂ ಇದಕ್ಕೆ ಹೆಚ್ಚಿರಲಿಲ್ಲ. ವರ್ಷಕ್ಕೆ 12 ಲಕ್ಷದೊಳಗೆ ವ್ಯಾಪಾರ ಇರುವ ಆಹಾರದವರು ಆಗ 100 ರೂಪಾಯಿ ಕಟ್ಟಿ, ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದರೆ ಆಗುತ್ತಿತ್ತು. 2020ರ ಜುಲೈ 1ರಿಂದ ಸಣ್ಣ ಉದ್ಯಮಗಳಿಗೆ ಉದ್ಯಮ್ ನೋಂದಣಿ ಬಂತು, ಆಧಾರ್ ಇದ್ದರೆ ಸಾಕು, ಶುಲ್ಕ ಇಲ್ಲ. ಹಣ ತೆಗೆದುಕೊಳ್ಳಲು ಯುಪಿಐ ಇತ್ತು. ದೇಶದಲ್ಲಿ 2020ರ ಮಾರ್ಚ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ಸುಮಾರು 125 ಕೋಟಿ ವಹಿವಾಟು ನಡೆದಿತ್ತು, ಮರುವರ್ಷದ ಮಾರ್ಚ್‌ನಲ್ಲಿ 273 ಕೋಟಿ. ಒಂದೇ ಕಡೆ ತೊಡಕಾಯಿತು. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಮಾಲು ಹಾಕಬೇಕಾದರೆ ಎಷ್ಟೇ ಸಣ್ಣ ವ್ಯಾಪಾರವಾದರೂ ಆಗ ಜಿಎಸ್‌ಟಿ ನಂಬರ್ ಕೇಳುತ್ತಿದ್ದರು. ರಾಜ್ಯದೊಳಗೆ ನೇರವಾಗಿ ಮಾರಿದರೆ 40 ಲಕ್ಷದವರೆಗೆ ಬೇಡವಾಗಿದ್ದದ್ದು ಅಲ್ಲಿ ಮೊದಲ ರೂಪಾಯಿಗೇ ಬೇಕಾಗಿತ್ತು. ಅದಕ್ಕೇ ನಮ್ಮ ಹುಡುಗಿಯರು ವಾಟ್ಸಾಪಿನಲ್ಲೇ ಉಳಿದರು.

ಹುಡುಗಿಯರ ಮಾತು ಬಂತಲ್ಲ, ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ಕೇಕ್ ಮಾಡಿದವರು, ಬ್ಲೌಸ್ ಹೊಲಿದವರು, ಮೆಹಂದಿ ಹಾಕಿದವರು, ರೊಟ್ಟಿ ಕಳಿಸಿದವರು ಬಹಳ ಮಂದಿ. ಅವರಿಗೆ ಹಣ ಕಳಿಸುವಾಗ ಮೊಬೈಲಿನಲ್ಲಿ ಬರುವ ಹೆಸರು ನೋಡಿ. ಅಪ್ಪನದ್ದು ಅಥವಾ ಅಣ್ಣನದ್ದು. ಕೆಲಸ ಅವಳದ್ದು, ಖಾತೆ ಅವನದ್ದು. ಮನೆಯಲ್ಲಿ ಕೇಳಿದರೆ "ಹೊತ್ತು ಹೋಗಲಿ ಅಂತ ಮಾಡ್ತಾಳ್ರಿ" ಅಂತ ಉತ್ತರ. ಹೊತ್ತು ಹೋಗಲಿ ಅಂತ ಮಾಡಿದ ಕೆಲಸದಿಂದ ಆ ವರ್ಷ ಮನೆಯ ಕರೆಂಟ್ ಬಿಲ್ ಕಟ್ಟಿದ್ದಾರೆ! ನಾಳೆ ಅದೇ ಹುಡುಗಿ ಬ್ಯಾಂಕಿಗೆ ಹೋಗಿ ಮುದ್ರಾ ಯೋಜನೆಯಲ್ಲಿ 50,000ದ ಶಿಶು ಸಾಲ ಕೇಳಿದರೆ, ಮ್ಯಾನೇಜರ್ ಖಾತೆಯ ಆರು ತಿಂಗಳ ವಹಿವಾಟು ತೋರಿಸು ಅಂದರೆ, ತೋರಿಸಲು ಅವಳ ಹತ್ತಿರ ಏನೂ ಇಲ್ಲ. ಅವಳು ವ್ಯಾಪಾರ ಮಾಡಿಯೇ ಇಲ್ಲ ಅನ್ನುತ್ತದೆ ದಾಖಲೆ. ಪಾಲಕರಿಗೆ ನನ್ನ ಕೋರಿಕೆ ಇದೊಂದೇ ಆದರೂ ಸಾಕು. ಮಗಳ ಕ್ಯೂಆರ್ ಕೋಡ್ ಮಗಳ ಹೆಸರಲ್ಲೇ ಇರಲಿ.

ಕಾಲೇಜು ತೆರೆದ ಮೇಲೆ ಏನಾಯಿತು? ನವೆಂಬರ್ ಬಂತು, ಬಸ್ಸು ಓಡಿತು, ಹಾಜರಿ ಪುಸ್ತಕ ಹೊರಬಂತು. 2021ರ ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದು ಮತ್ತೆ ಬಾಗಿಲು ಹಾಕಿಸಿತು. ಆ ಸಲ ಯಾರಿಗೂ ವ್ಯಾಪಾರದ ಮಾತು ಬೇಕಿರಲಿಲ್ಲ. ಹುಬ್ಬಳ್ಳಿಯ ಕಿಮ್ಸ್ ಮುಂದೆ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಕಾದವರಲ್ಲಿ ನಮ್ಮ ವಿದ್ಯಾರ್ಥಿಗಳ ಮನೆಯವರೂ ಇದ್ದರು. ಅದು ಕಳೆದು ಎಲ್ಲ ಸರಿಹೋದ ಮೇಲೆ ಮನೆಯ "ಬೇಡ" ವಾಪಸ್ ಬಂತು. "ಆತಲ್ಲ, ಇನ್ನ ಪರೀಕ್ಷೆಗೆ ಓದು." ವ್ಯಾಪಾರ ಸೋತು ನಿಲ್ಲಿಸಿದವರಿಗಿಂತ ಹೀಗೆ ನಿಲ್ಲಿಸಿದವರೇ ಜಾಸ್ತಿ ಇರಬೇಕು ಅಂತ ನನ್ನ ಲೆಕ್ಕ. ಗಿರಾಕಿ ಇದ್ದರು, ಲಾಭ ಇತ್ತು, ಅನುಮತಿ ಮಾತ್ರ ಮುಗಿದಿತ್ತು.

ಹಾಗಾಗಿ ವಿದ್ಯಾರ್ಥಿಗಳ ಆಸಕ್ತಿ ಹೆಚ್ಚಿಸಬೇಕು ಅಂತ ಕಾಲೇಜುಗಳು ಭಾಷಣ ಇಡಿಸಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ, ಇರಲಿ. ಆಸಕ್ತಿ ಇದೆ. ಕೊರೊನಾ ಪುಕ್ಕಟೆ ಕೊಟ್ಟಿದ್ದ ಹೊತ್ತು, ಒಪ್ಪಿಗೆ, ಸೋಲುವ ಸಡಿಲಿಕೆ, ಇವನ್ನು ರೋಗ ಇಲ್ಲದ ವರ್ಷದಲ್ಲೂ ಕೊಡಲಿಕ್ಕೆ ಆಗುತ್ತದಾ? ಕಾಗದದ ಮೇಲೆ ದಾರಿ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2019ರಲ್ಲೇ ವಿದ್ಯಾರ್ಥಿ ಮತ್ತು ಅಧ್ಯಾಪಕರ ಸ್ಟಾರ್ಟಪ್ ನೀತಿ ತಂದಿದೆ. ಉದ್ಯಮ ಶುರು ಮಾಡುವ ವಿದ್ಯಾರ್ಥಿಗೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಕೊಡಬಹುದು, ಹಾಜರಿಯಲ್ಲೂ ಸಡಿಲಿಸಬಹುದು ಅಂತ ಅದರಲ್ಲಿದೆ. ನಿಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿದ್ದೀರಿ? (ಸಭೆಯಲ್ಲಿ ಒಂದೂ ಕೈ ಮೇಲೇಳಲಿಲ್ಲ.) ಪ್ರಾಂಶುಪಾಲರು ಇಲ್ಲೇ ಕೂತಿದ್ದಾರೆ, ಚಹಾದ ಹೊತ್ತಿಗೆ ಕೇಳಿ.

ಕಲಿಯಲು ಜಾಗವೂ ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಪಕ್ಕ, ಹೊಸ ಉದ್ಯಮಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ಸ್ವಂತ ಉದ್ಯೋಗದ ತರಬೇತಿಗೆ ಧಾರವಾಡದಲ್ಲಿ ಸಿಡಾಕ್ ಇದೆ, ರುಡ್‌ಸೆಟ್ ಇದೆ. ರುಡ್‌ಸೆಟ್‌ನಲ್ಲಿ ಊಟ-ವಸತಿ ಸಮೇತ ಪುಕ್ಕಟೆ ಕಲಿಸುತ್ತಾರೆ. ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಗದಗಿಗೆ ಬಂದು ಕಣಗಿನಹಾಳದ ಹೆಸರು ಹೇಳದೆ ಹೋದರೆ ಹೇಗೆ? ಇಲ್ಲಿಂದ ಹತ್ತಿರದ ಊರು. 1896ರ ನಂತರದ ವರ್ಷಗಳು ಈ ಸೀಮೆಗೆ ಬಹಳ ಕೆಟ್ಟವು. ಎರಡು ಬರ, ಜೊತೆಗೆ ಪ್ಲೇಗು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಎಷ್ಟು ಜೋರಾಗಿತ್ತು ಅಂದರೆ, ಹಾಫ್ಕಿನ್ ಎಂಬ ವಿಜ್ಞಾನಿ ಆಗಷ್ಟೇ ಕಂಡುಹಿಡಿದಿದ್ದ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು. ಆ ಕಾಲದಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಬರದಿಂದ ರೈತ ಸಾಲದಲ್ಲಿ ಮುಳುಗಿದ್ದ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಸರುಗಳಲ್ಲಿ ಅದು ಒಂದು. ಪಾಟೀಲರು ಯಾವ ಹೊಸ ವಸ್ತುವನ್ನೂ ಕಂಡುಹಿಡಿಯಲಿಲ್ಲ. ಸಾಲ ಎಲ್ಲರಿಗೂ ಬೇಕಿತ್ತು, ಒಬ್ಬನ ಮೇಲೆ ಬೀಳುವ ಭಾರವನ್ನು ಊರೇ ಹೊರುವಂತೆ ಮಾಡಿದರು. ನಮ್ಮ ಹುಡುಗರಿಗೆ 2020ರಲ್ಲಿ ಯಾರಾದರೂ ಹಾಗೆ ಬೆನ್ನಿಗೆ ನಿಂತಿದ್ದರೆ ಇವತ್ತು ಇನ್ನೂ ಎಷ್ಟು ಪೊಟ್ಟಣ ರೊಟ್ಟಿ ಪುಣೆಗೆ ಹೋಗುತ್ತಿತ್ತೋ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ, ನೀವು ಕೇಳಿ.

(ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದ್ದೇನೆ.)

ಪಾಲಕರೊಬ್ಬರು: ಮೇಡಂ, ನನ್ನ ಮಗ ಓದು ಬಿಟ್ಟು ಧಂಧೆ ಮಾಡ್ತೀನಿ ಅಂತಾನ್ರಿ. ಹೂಂ ಅನ್ಲೋ, ಬ್ಯಾಡ ಅನ್ಲೋ?

ಓದು ಬಿಡುವುದು ಬೇಡ ಅನ್ನಿರಿ ಸರ್, ಧಂಧೆ ಬೇಡ ಅನ್ನಬೇಡಿ. ಎರಡೂ ಬೇರೆ. ಎಷ್ಟು ರೊಕ್ಕ, ಎಷ್ಟು ತಿಂಗಳು ಅಂತ ಇಬ್ಬರೂ ಕೂತು ಮೊದಲೇ ಬರೆದಿಡಿ. ಆ ರೊಕ್ಕ ಹೋದರೆ ಹೋಯಿತು, ಮತ್ತೆ ಮನೆಯಲ್ಲಿ ಆ ಮಾತು ಎತ್ತುವುದಿಲ್ಲ ಅಂತ ನೀವು ಬರೆಯಬೇಕು. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವುದಿಲ್ಲ ಅಂತ ಅವನು ಬರೆಯಬೇಕು. ಅವನ ಅವ್ವನ ಸಹಿಯೂ ಇರಲಿ.

ಬಿ.ಬಿ.ಎ. ವಿದ್ಯಾರ್ಥಿನಿ: ನಾವು ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರಬೇಕು ಅಂತಿದ್ದೀವಿ ಮೇಡಂ. ಮೊದಲು ಶುರು ಮಾಡಿ ಆಮೇಲೆ ಸಾಲಕ್ಕೆ ಹಾಕೋದಾ, ಮೊದಲೇ ಹಾಕೋದಾ?

ಯಾವ ಯೋಜನೆ ಅನ್ನುವುದರ ಮೇಲೆ ಹೋಗುತ್ತದಮ್ಮ. ಪಿಎಂಇಜಿಪಿ ಹೊಸ ಘಟಕಕ್ಕೆ ಮಾತ್ರ. ಹಳ್ಳಿಯಲ್ಲಿ ಶುರು ಮಾಡುವ ಮಹಿಳೆಗೆ ಅದರಲ್ಲಿ ಶೇ. 35 ಸಬ್ಸಿಡಿ ಇದೆ, ಆದರೆ ಘಟಕ ಶುರು ಮಾಡಿಯಾದ ಮೇಲೆ ಹೋದರೆ ವಾಪಸ್ ಕಳಿಸುತ್ತಾರೆ. ಸಣ್ಣ ಆಹಾರ ಘಟಕಗಳಿಗೆ ಅಂತಲೇ 2020ರಲ್ಲಿ ಬಂದ ಪಿಎಂಎಫ್‌ಎಂಇ ಇದೆಯಲ್ಲ, ಅದು ನಡೆಯುತ್ತಿರುವ ಘಟಕಕ್ಕೂ ಸಿಗುತ್ತದೆ. ಅಲ್ಲೂ ಕೇಂದ್ರದ ಸಬ್ಸಿಡಿ ಶೇ. 35, ಗರಿಷ್ಠ 10 ಲಕ್ಷ. ನಿಮ್ಮದು ಚಟ್ನಿಪುಡಿ, ಮೊದಲು ನಾಲ್ಕು ಜನ ಕೊಂಡು ಮತ್ತೆ ಕೇಳುತ್ತಾರಾ ನೋಡಬೇಕು, ಅದಕ್ಕೆ ಮೊದಲು ಶುರು ಮಾಡಿ, ಆಮೇಲೆ ಪಿಎಂಎಫ್‌ಎಂಇಗೆ ಹಾಕುವುದೇ ಸರಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮೊದಲ ಪೊಟ್ಟಣ ಮಾರುವ ಮುಂಚೆಯೇ ಆಗಬೇಕು. ಬ್ಯಾಂಕ್ ಖಾತೆ ನಿನ್ನ ಹೆಸರಲ್ಲಿ ತೆರೆ. ಮತ್ತೆ, ಬ್ಯಾಡಗಿ ಮೆಣಸಿನಕಾಯಿ ಹೊಸ ಮಾಲು ಬರುವಾಗಲೇ ವರ್ಷಕ್ಕೆ ಬೇಕಾದಷ್ಟು ಕೊಂಡಿಟ್ಟುಕೋ, ಮಳೆಗಾಲದಲ್ಲಿ ಕೊಳ್ಳಲು ಹೋದರೆ ನಿನ್ನ ಲಾಭವೆಲ್ಲ ಅಲ್ಲೇ ಹೋಗುತ್ತದೆ.